ಮೇಲೇಳುವ ಎಡಗೈ

"ಕೈ ಇಳಿಸೋ ಏಣಿ! ಇದೇನು ಒಂದನೇ ಕ್ಲಾಸಾ, ಕೈ ಎತ್ತಿ 'ಒಂದಕ್ಕೆ ಹೋಗ್ಲಾ ಸಾರ್' ಅನ್ನೋಕೆ?"

ಬೆಳಗ್ಗೆ ಆರೂಕಾಲು. ಒಳಾಂಗಣ ಕ್ರೀಡಾಂಗಣದ ದೀಪಗಳಲ್ಲಿ ಅರ್ಧ ಇನ್ನೂ ಹೊತ್ತಿಕೊಂಡಿಲ್ಲ. ಬಲೆಯಿಂದ ಚೆಂಡು ಎತ್ತಿಕೊಳ್ಳುತ್ತಾ ಗೋಲ್‌ಕೀಪರ್ ಹೀಗೆ ಕೂಗಿದ್ದಕ್ಕೆ ಉಳಿದ ಹದಿನೈದು ಆಟಗಾರರೂ ಗೊಳ್ಳೆಂದು ನಗುತ್ತಾರೆ. ಬೈಸಿಕೊಂಡವರು ಆರೂವರೆ ಅಡಿ ಎತ್ತರದ ಮನುಷ್ಯ. ಎದುರಾಳಿಗೆ ಮೈ ತಾಗಿದ್ದೇ ತಡ, ಇವರ ಎಡಗೈ ನೆಟ್ಟಗೆ ಮೇಲೆ ಹೋಗಿದೆ. ಆ ಕಂಕುಳ ಸಂದಿಯಲ್ಲೇ ಎದುರಾಳಿ ನುಸುಳಿ ಗೋಲು ಹೊಡೆದಾಗಿದೆ. ಕೈ ಇನ್ನೂ ಮೇಲೆಯೇ ಇದೆ. ಯಾರದೋ ಕೈ ಎಂಬಂತೆ ಅದನ್ನೊಮ್ಮೆ ನೋಡಿ ಇಳಿಸುತ್ತಾರೆ.

ಇವರನ್ನು ನಾನು ಬಹುವಚನದಲ್ಲೇ ಕರೆಯುತ್ತೇನೆ. ಆಟದ ಅಂಕಣದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಪತ್ರಿಕೆಗೆ ನಾನು ಬರೆಯುವ ಈ ಬರಹದಲ್ಲಾದರೂ ಇರಲಿ.

ವಯಸ್ಸು ಮೂವತ್ತೊಂದು. ಒಂಬತ್ತು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವರು. ಈಗ ಹ್ಯಾಂಡ್‌ಬಾಲ್ ಕ್ಲಬ್ಬೊಂದರಲ್ಲಿ ಒಂದು ತಿಂಗಳ ಪರೀಕ್ಷೆಗೆ ನಿಂತಿದ್ದಾರೆ. ಶನಿವಾರ ಅಭ್ಯಾಸ ಪಂದ್ಯ. ಅದು ಮುಗಿದ ಮೇಲೆ ಬಾಗಿಲಿಗೆ ಪಟ್ಟಿ ಅಂಟಿಸುತ್ತಾರೆ. ಪಟ್ಟಿಯಲ್ಲಿ ಜಾಗ ಹದಿನಾರು, ತಂಡದಲ್ಲಿರುವವರು ಹದಿನೇಳು. ಹೆಚ್ಚಾದ ಆ ಒಬ್ಬ ಯಾರು ಎಂದು ನಗುವವರಿಗೆಲ್ಲ ಗೊತ್ತಿದೆ.

ಕೈ ಯಾಕೆ ಮೇಲೇಳುತ್ತದೆ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನಿಗೆ ಐದು ಫೌಲು, ಐದಾದರೆ ಹೊರಗೆ. ತಾರೆ ಎನಿಸಿಕೊಂಡವನ ಫೌಲು ಮುಗಿದುಹೋಗಬಾರದಲ್ಲ, ಅದಕ್ಕೇ ಇವರನ್ನು ಇಟ್ಟುಕೊಂಡಿದ್ದರು. ಪಂದ್ಯಕ್ಕೆ ನಾಲ್ಕು ನಿಮಿಷ ಒಳಗೆ ಕಳಿಸುವುದು, ಎದುರಾಳಿಯ ಬಲಿಷ್ಠನಿಗೆ ಡಿಕ್ಕಿ ಹೊಡೆಸುವುದು, ಕರೆಸಿ ಬೆಂಚಿನ ಮೇಲೆ ಕೂರಿಸುವುದು. "ನಾನು ಆಡ್ತೀನಿ ಅಂತ ಅಲ್ಲ ಸಾರ್ ನನ್ನ ಕರೀತಿದ್ದಿದ್ದು. ನನ್ನ ಹತ್ರ ಐದು ಫೌಲು ಇದೆ ಅಂತ" ಎನ್ನುತ್ತಾರೆ. ಹೇಳುವಾಗಲೂ ಕೂರುವುದಿಲ್ಲ. ಗೋಡೆಗೆ ಒರಗುತ್ತಾರೆ, ಬಿಡುತ್ತಾರೆ, ಬಾಗಿಲವರೆಗೆ ಹೋಗಿ ಬರುತ್ತಾರೆ.

ಆಟ ಕಲಿಸಿದ ಮೊದಲ ಮೇಷ್ಟ್ರು ಇವರಿಗೆ ಒಂದು ಮಾತು ಹೇಳಿದ್ದರಂತೆ: ತಪ್ಪು ಮಾಡಿದವನು ತಾನೇ ಕೈ ಎತ್ತಬೇಕು, ರೆಫರಿ ಹುಡುಕುವ ಹಾಗೆ ಆಗಬಾರದು. ಹಳೆಯ ಕಾಲದ ರೂಢಿ ಅದು. ಈಗಿನ ಹುಡುಗರು ಅಂಗಿ ಹರಿಯುವ ಹಾಗೆ ಎಳೆದು 'ನಾನೇನು ಮಾಡ್ದೆ' ಎಂದು ಕಣ್ಣು ಬಿಡುತ್ತಾರೆ. ಇವರು ಸೀಟಿ ಊದುವ ಮೊದಲೇ ಕೈ ಎತ್ತುತ್ತಿದ್ದರು. ಒಂಬತ್ತು ವರ್ಷದಲ್ಲಿ ಸಾವಿರ ಸಲವಾದರೂ ಎತ್ತಿರಬೇಕು. ಇವರ ಹೆಗಲ ಮೇಲೆ ಎಷ್ಟು ಜನ ಕಾಲಿಟ್ಟು ಮೇಲೆ ಹೋದರೋ! ಏಣಿ ಎಂಬ ಹೆಸರು ಬಂದದ್ದು ಎತ್ತರಕ್ಕಂತೆ. ನನಗೆ ನಂಬಿಕೆಯಿಲ್ಲ. ಹತ್ತಿದ ಮೇಲೆ ಏಣಿ ಒದೆಯುವುದು ಲೋಕದ ರೂಢಿ; ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ಎರಡು ಸಾಲಿನ ಮೆಸೇಜಿನಲ್ಲಿ ಒದ್ದರು.

ಹ್ಯಾಂಡ್‌ಬಾಲ್‌ನಲ್ಲಿ ಐದರ ಲೆಕ್ಕವಿಲ್ಲ. ಗೋಲಿನ ಮುಂದೆ ಆರು ಮೀಟರಿನ ಕಮಾನು ಗೆರೆ. ಅದನ್ನು ಕಾಯಲು ನಿಂತ ಎದುರಾಳಿಗಳ ನಡುವೆಯೇ, ಗೋಲಿಗೆ ಬೆನ್ನು ಹಾಕಿ, ಇವರು ನಿಲ್ಲಬೇಕು. ಒಬ್ಬನನ್ನು ಬೆನ್ನಲ್ಲಿ ಒತ್ತಿ ಹಿಡಿದರೆ ಎದುರಿನಿಂದ ಓಡಿ ಬರುವ ತಮ್ಮ ತಂಡದ ಎಡಗೈ ಎಸೆತಗಾರನಿಗೆ ಒಂದು ತೋಳಿನಷ್ಟು ದಾರಿ ಸಿಗುತ್ತದೆ. ಬೆಳಗಿನ ಎರಡು ಗಂಟೆಯ ಅಭ್ಯಾಸದಲ್ಲಿ ಅರವತ್ತು ಸಲ ಹೀಗೆ ಒತ್ತುತ್ತಾರೆ, ನಲವತ್ತು ಸಲವಾದರೂ ಬೀಳುತ್ತಾರೆ. ಪಕ್ಕೆಯಲ್ಲಿ ಕಂದು, ಹಸಿರು, ಹಳದಿ. ವಾರವಾರದ ಏಟಿಗೆ ಒಂದೊಂದು ಬಣ್ಣ. ಈ ಕೆಲಸದಲ್ಲಿ ಇವರನ್ನು ಮೀರಿಸುವವರು ತಂಡದಲ್ಲಿಲ್ಲ. ಆದರೆ ಕಾಯುವ ಸರದಿ ಬಂದಾಗ ಎದುರಾಳಿಯನ್ನು ಎರಡೂ ಕೈಯಲ್ಲಿ ತಡೆಯಬೇಕು. ಆಗ ಒಂದು ಕೈ ಆಕಾಶ ನೋಡುತ್ತದೆ.

"ಆ ಕೈ ಮನೇಲಿಟ್ಟು ಬಾ" ಎಂದು ಕೋಚ್ ಹೇಳಿದ್ದಾರೆ. ನಾನು ಇವರ ಮನೆಗೂ ಹೋಗಿ ಬಂದೆ.

ಇವರ ಅಕ್ಕ ಟೈಲರ್. ಒಂದೇ ಕೋಣೆ, ಕಿಟಕಿಗೆ ಹೊಲಿಗೆ ಯಂತ್ರ, ಗೋಡೆಗೆ ಮಂಚ. ಉಳಿದ ನಾಲ್ಕು ಹೆಜ್ಜೆ ಜಾಗದಲ್ಲಿ ತಮ್ಮ ಓಡಾಡುತ್ತಾರೆ.

"ಕೂತ್ಕೊಳೋ! ನೀನು ಓಡಾಡಿದ್ರೆ ನನ್ನ ಹೊಲಿಗೆ ಸೊಟ್ಟ ಹೋಗುತ್ತೆ."

"ಕಾಲು ಕೇಳಲ್ಲ ಅಕ್ಕ."

"ಕಾಲೂ ಕೇಳಲ್ಲ, ಕೈಯೂ ಕೇಳಲ್ಲ. ಒಟ್ನಲ್ಲಿ ನಿನ್ನ ಮಾತು ಕೇಳೋಕೆ ನಾನೊಬ್ಳೇ ಸಿಕ್ಕಿರೋದು."

ಬೈಯುತ್ತಲೇ ಅಕ್ಕ ಅಗಲವಾದ ಎಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನು ಮಣಿಕಟ್ಟಿನ ಪಟ್ಟಿಗೂ ಇನ್ನೊಂದನ್ನು ಚಡ್ಡಿಯ ಸೊಂಟಕ್ಕೂ ಹೊಲಿಯುತ್ತಾರೆ. ಎಡಗೈ ಎದೆಯವರೆಗೆ ಸಲೀಸು. ಅದಕ್ಕಿಂತ ಮೇಲೆ ಹೋದರೆ ಜಗ್ಗುತ್ತದೆ. "ಎತ್ತಿಗೆ ಮೂಗುದಾರ ಹಾಕಿದ ಹಾಗೆ" ಎಂದು ನನಗೆ ಹೇಳಿ ನಗುತ್ತಾರೆ. ತಮ್ಮ ನಗುವುದಿಲ್ಲ.

"ಕೈ ಎತ್ತೋದು ಕೆಟ್ಟದ್ದಾ ಸಾರ್?" ಎಂದು ಇವರು ಥಟ್ಟನೆ ಕೇಳುತ್ತಾರೆ. "ಒಂಬತ್ತು ವರ್ಷದಲ್ಲಿ ನಂದು ಅಂತ ಇದ್ದಿದ್ದು ಅದೊಂದೇ. ಪಾಯಿಂಟು ಅವರದ್ದು, ಕಪ್ಪು ಅವರದ್ದು, ಫೋಟೊ ಅವರದ್ದು. ಕೈ ನಂದು."

ಮತ್ಯಾಕೆ ಕಟ್ಟಿಸಿಕೊಳ್ಳುತ್ತೀರಿ ಎಂದೆ.

"ಒಂದೇ ಒಂದು ಮ್ಯಾಚು ಪೂರ್ತಿ ಆಡ್ಬೇಕು. ಅರವತ್ತು ನಿಮಿಷ. ಕೊನೇ ಸೀಟಿ ಊದುವಾಗ ನಾನು ಒಳಗಿರ್ಬೇಕು, ಬೆಂಚ್ ಮೇಲಲ್ಲ."

ಎಲಾಸ್ಟಿಕ್ ಅಭ್ಯಾಸಕ್ಕಷ್ಟೇ; ಶನಿವಾರದ ಪಂದ್ಯದಲ್ಲಿ ಕಟ್ಟಿಕೊಳ್ಳಲು ನಿಯಮ ಬಿಡುವುದಿಲ್ಲ. ಅಕ್ಕ ಕೊರಳಲ್ಲಿ ಅಳತೆಯ ಟೇಪು ತೆಗೆಯುವುದನ್ನೂ ಮರೆತು ನನ್ನ ಪಕ್ಕ ಬಂದು ಕೂತಿದ್ದಾರೆ. ಮೊದಲರ್ಧದಲ್ಲೇ ಕೈ ಎರಡು ಸಲ ಮೇಲೇಳುತ್ತದೆ, ಎರಡು ಗೋಲು ಬೀಳುತ್ತವೆ. "ಕಟ್ಟಿ ಹಾಕ್ರೋ ಅದನ್ನ!" ಎಂದು ಗೋಲ್‌ಕೀಪರ್ ಕಿರುಚುತ್ತಾನೆ. ಕೋಚ್ ಇನ್ನೇನು ಹೊರಗೆ ಕರೆಯುತ್ತಾರೆ ಅಂದುಕೊಂಡೆ. ಕರೆಯುವುದಿಲ್ಲ, ಹಾಗೆ ಒತ್ತಿ ಹಿಡಿಯುವ ಬೆನ್ನು ಬೇರೆ ಇಲ್ಲವಲ್ಲ.

ಕೊನೆಯ ಎರಡು ನಿಮಿಷ. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು. ಎದುರಾಳಿಯ ದಾಂಡಿಗನೊಬ್ಬ ನೇರ ಇವರ ಮೇಲೆ ನುಗ್ಗುತ್ತಾನೆ. ಮೈಗೆ ಮೈ ಬಡಿದ ಸದ್ದು ನಮ್ಮವರೆಗೂ ಕೇಳಿಸುತ್ತದೆ. ಇವರ ಎಡಭುಜ ಒಮ್ಮೆ ಅದುರುತ್ತದೆ. ಅಕ್ಕ ಟೇಪಿನ ತುದಿ ಕಚ್ಚುತ್ತಾರೆ. ಕೈ ಮೇಲೇಳುವುದಿಲ್ಲ. ಅದು ಎದುರಾಳಿಯ ಬೆನ್ನ ಹಿಂದೆಲ್ಲೋ ಹೋಗಿ ಮರೆಯಾಗುತ್ತದೆ. ನಾವು ಕೂತ ಕಡೆಗೆ ಇವರ ಬೆನ್ನಷ್ಟೇ ಕಾಣುವುದು. ದಾಂಡಿಗ ಮುಗ್ಗರಿಸುತ್ತಾನೆ, ಚೆಂಡು ಜಾರುತ್ತದೆ, ಸೀಟಿ ಇಲ್ಲ. ಇವರ ತಂಡ ಆ ಕಡೆಗೆ ಓಡುತ್ತದೆ. ಗೆರೆಯ ಹತ್ತಿರ ಇವರು ಬೆನ್ನು ಕೊಟ್ಟು ಒಬ್ಬನನ್ನು ಒತ್ತಿ ಹಿಡಿಯುತ್ತಾರೆ. ಎಡಗೈ ಎಸೆತಗಾರನಿಗೆ ಒಂದು ತೋಳಿನ ದಾರಿ ಸಿಗುತ್ತದೆ. ಗೋಲು.

ಕೊನೆಯ ಸೀಟಿ ಊದುವಾಗ ಎಲ್ಲರೂ ಎಸೆತಗಾರನ ಮೇಲೆ ಬಿದ್ದು ಅಪ್ಪಿಕೊಳ್ಳುತ್ತಿದ್ದಾರೆ. ಇವರು ನೆಲದ ಮೇಲಿದ್ದಾರೆ. ಆದರೆ ಒಳಗಿದ್ದಾರೆ, ಅರವತ್ತು ನಿಮಿಷ ಪೂರ್ತಿ.

ಬಾಗಿಲಿಗೆ ಪಟ್ಟಿ ಬೀಳುತ್ತದೆ. ಹದಿನಾರನೆಯ ಹೆಸರು ಇವರದು. ಅಕ್ಕ ಅದರ ಮೇಲೆ ಬೆರಳಿಟ್ಟು ಎರಡು ಸಲ ಓದುತ್ತಾರೆ. ಇವರು ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಲೇ ಇದ್ದಾರೆ, ತೊಳೆದದ್ದನ್ನೇ ತೊಳೆಯುತ್ತಾ. ತಂಡವೆಲ್ಲ ಅಲ್ಲೇ ಸುತ್ತ ನಿಂತಿದೆ. ಗೋಲ್‌ಕೀಪರ್ ಇವರ ಬೆನ್ನು ತಟ್ಟುತ್ತಾನೆ. ಈ ಸಲ ದನಿಯಲ್ಲಿ ಕೊಂಕಿಲ್ಲ, ಸಲಿಗೆಯಿದೆ.

"ಭೇಷ್ ಕಣೋ ಏಣಿ. ಕೊನೇಲಿ ಅವನ ಅಂಗಿ ಹಿಂದ್ಗಡೆಯಿಂದ ಹಿಡಿದು ಎಳೆದೆ ತಾನೆ? ರೆಫರಿಗೆ ಕಾಣ್ಲೇ ಇಲ್ಲ! ನಿಜ ಹೇಳು."

ಎಲ್ಲರೂ ನಗುತ್ತಾ ಕಾಯುತ್ತಾರೆ. ಇವರು ನಲ್ಲಿ ನಿಲ್ಲಿಸುತ್ತಾರೆ. ಚೀಲವನ್ನು ಬಲಹೆಗಲಿಗೆ ಏರಿಸುತ್ತಾರೆ. ಅಕ್ಕನಿಗೂ ಕಾಯದೆ, ಪಟ್ಟಿಯ ಕಡೆ ತಿರುಗಿಯೂ ನೋಡದೆ, ಬಾಗಿಲು ದಾಟಿ ನಡೆದುಬಿಡುತ್ತಾರೆ. ಎಡಗೈ ಜೇಬಿನಲ್ಲಿದೆ.