ಹೆಗಲ ಮೇಲೆ ಸುಮ್ಮನಾದ ಮಗು

ಹೆಗಲಕ್ಕ ಒಂದು ಸಲ "ಶ್" ಅಂದರೆ ಸಾಕು, ಡಿಪೋದಲ್ಲಿ ನಿಂತ ಅಷ್ಟೂ ಬಸ್ಸುಗಳ ಇಂಜಿನ್ನು ತಾವಾಗಿಯೇ ಆಫ್ ಆಗುತ್ತವೆ. ಎದುರು ಬೀದಿಯ ನಾಯಿಗಳು ಬಾಲ ಮಡಚಿಕೊಂಡು ಮಲಗುತ್ತವೆ. ಗುಡುಗಲೆಂದೇ ಬಂದ ಮೋಡ ಪಕ್ಕದೂರಿಗೆ ಹೋಗಿ ಗುಡುಗಿ, ಇಲ್ಲಿ ಬರೀ ಮಳೆ ಸುರಿಸಿ ಹೋಗುತ್ತದೆ. ನಂಬದವರು ಬೆಳಗಿನ ಜಾವ ಬಂದು ಕಣ್ಣಾರೆ ನೋಡಬಹುದು. ಬರುವಾಗ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡಬೇಕು, ಅಷ್ಟೇ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊದಲ ಪಾಳಿಯ ಡ್ರೈವರುಗಳು, ಕಂಡಕ್ಟರುಗಳು, ಬಸ್ ತೊಳೆಯುವ ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತು ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಾರೆ. ಮೇಲೆ, ಹಿಂದೆ ಹಳೇ ಟೈರುಗಳನ್ನು ಪೇರಿಸುತ್ತಿದ್ದ ಕೋಣೆಯೇ ಈಗ ಮಕ್ಕಳ ಕೋಣೆ. ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ರಬ್ಬರಿನ ವಾಸನೆ ಜಪ್ಪಯ್ಯ ಅನ್ನುವುದಿಲ್ಲ. ಬಾಗಿಲಲ್ಲಿ ಹೆಗಲಕ್ಕ ನಿಂತಿದ್ದಾರೆ. ಎಡ ಹೆಗಲ ಮೇಲೆ ಮಡಿಸಿದ ಟವೆಲ್ಲು, ಅದು ಜಾರದಂತೆ ಎರಡು ಪಿನ್ನು. ತಾಯಿಯ ಹೆಗಲಿನಿಂದ ಈ ಹೆಗಲಿಗೆ ಮಗು ಬದಲಾಗುವುದು ಮಗುವಿಗೇ ಗೊತ್ತಾಗುವುದಿಲ್ಲ. ಕೆಲವು ತಾಯಂದಿರಿಗೂ ಗೊತ್ತಾಗದೆ, ಬರೀ ಹೆಗಲನ್ನು ತಟ್ಟಿಕೊಳ್ಳುತ್ತಾ ಮೆಟ್ಟಿಲಿಳಿದು ಹೋಗಿದ್ದಾರೆ.

"ಮೇಲಿಂದ ಅಳು ಕೇಳಿದ್ರೆ ತಾಯಿ ಕಾಲು ಬ್ರೇಕ್ ಮೇಲೇ ಇರುತ್ತೆ ಸರ್. ಆ ಕಾಲಿಟ್ಕೊಂಡು ಬಸ್ ಓಡ್ಸೋಕಾಗುತ್ತಾ?" ಇದು ಹೆಗಲಕ್ಕ ಈ ಕೆಲಸದ ಬಗ್ಗೆ ನಮ್ಮ ಪತ್ರಿಕೆಗೆ ಹೇಳುವ ಒಂದೇ ಮಾತು. ಕೋಣೆ ಶುರುವಾದ ಹೊಸದರಲ್ಲಿ ಅಳು ಕೇಳಿದ ತಾಯಂದಿರು ಅರ್ಧ ಮೆಟ್ಟಿಲಿನಿಂದ ವಾಪಸ್ ಹತ್ತಿ ಬರುತ್ತಿದ್ದರಂತೆ. ಬಸ್ಸುಗಳು ತಡವಾಗುತ್ತಿದ್ದವು. "ಹೀಗಾದರೆ ಕೋಣೆಗೆ ಬೀಗ ಹಾಕಿಸ್ತೀನಿ" ಎಂದು ಡಿಪೋ ಮ್ಯಾನೇಜರು ಹಾರಾಡಿದ್ದರು. ಆಗ ಹೆಗಲಕ್ಕ ಕೆಳಗೆ ಬಸ್ ತೊಳೆಯುತ್ತಿದ್ದರು. ಸದಾ ಒದ್ದೆಯಲ್ಲಿ ನಿಂತು ಪಾದ ಬಿರಿದಿತ್ತು. ಏಳು ಮಕ್ಕಳ ಮನೆಯ ಹಿರಿಮಗಳು. ತಮ್ಮಂದಿರನ್ನು ಸೊಂಟದ ಮೇಲಿಟ್ಟುಕೊಂಡೇ ಎತ್ತರವಾದವರು. ಒಂದು ದಿನ ಅಳು ತಡೆಯಲಾರದೆ ಪೊರಕೆ ಬಿಸಾಕಿ ಮೇಲೆ ಹೋದರು, ಒಂದು ಮಗುವನ್ನು ಎತ್ತಿಕೊಂಡರು. ಇವತ್ತಿನವರೆಗೂ ಇಳಿಸಿಲ್ಲ.

ದಿನಕ್ಕೆ ಇಪ್ಪತ್ತರ ಹತ್ತಿರ ಮಕ್ಕಳು. ಕಚ್ಚುವವರು, ಕಕ್ಕುವವರು, ಒಬ್ಬರ ಬೆರಳನ್ನು ಇನ್ನೊಬ್ಬರು ಚೀಪುವವರು. ತೂಕ ಹಾಕಿ ನೋಡಿದರೆ ಈ ಹೆಗಲು ಹೊತ್ತ ಭಾರದ ಮುಂದೆ ಡಿಪೋದ ಬಸ್ಸುಗಳೆಲ್ಲ ಆಟಿಕೆ. ಕೀಲು ಸವೆದಿದೆ, ಎಡಕ್ಕೆ ಹೊರಳಿ ಮಲಗುವಂತಿಲ್ಲ. "ನನ್ನ ಗೊರಕೆಗೂ ಬೆನ್ನು ತಟ್ತಾಳೆ ಸ್ವಾಮಿ, ನಾನೂ ತೆಪ್ಪಗಾಗ್ತೀನಿ" ಎನ್ನುತ್ತಾರೆ ಗಂಡ.

ಆದರೆ ಪತ್ರಿಕೆ ಇವರನ್ನು ಹುಡುಕಿಕೊಂಡು ಬಂದದ್ದು ಬೇರೆ ಕಾರಣಕ್ಕೆ. ಹೋದ ತಿಂಗಳು ಇವರು ಒಂದು ಮಗುವಿನ ಜೀವ ಉಳಿಸಿದರು. ಇಡೀ ಡಿಪೋ ಆ ಕಥೆ ಹೇಳುತ್ತದೆ, ಒಬ್ಬೊಬ್ಬರ ಬಾಯಲ್ಲೂ ಅದಕ್ಕೊಂದು ರೆಕ್ಕೆ. ಮಗು ಮೂರು ಬೀದಿ ಆಚೆ ಕೆಮ್ಮಿದ್ದು ಹೆಗಲಕ್ಕನಿಗೆ ಇಲ್ಲಿಗೇ ಕೇಳಿಸಿತು. ಕೇಳಿದ ಕೂಡಲೇ "ಇದು ಕ್ರೂಪ್, ಗಂಟಲ ಗೂಡು ಊದಿಕೊಂಡಿದೆ" ಎಂದು ಹೇಳಿಬಿಟ್ಟರು. ಮಗುವನ್ನು ಎತ್ತಿಕೊಂಡು ಓಡಿದರು, ದಾರಿಯಲ್ಲಿ ಎರಡು ಬಸ್ಸುಗಳನ್ನು ಹಿಂದೆ ಹಾಕಿ ಆಸ್ಪತ್ರೆ ಮುಟ್ಟಿದರು. ಮ್ಯಾನೇಜರು ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. ಚಪ್ಪಾಳೆಯ ಸದ್ದಿಗೆ ಮೇಲೆ ಮಲಗಿದ್ದ ಮಕ್ಕಳೆಲ್ಲ ಎದ್ದು ಕೂತವು. ಹೆಗಲಕ್ಕ ಮಾತ್ರ ತಲೆ ಎತ್ತಲಿಲ್ಲ.

ಈಗಲೂ ಎತ್ತುತ್ತಿಲ್ಲ. ಕಥೆಯನ್ನು ಎದುರಿಗೆ ಓದಿ ಹೇಳುತ್ತಿದ್ದರೆ ಟವೆಲ್ಲಿನ ಪಿನ್ನು ಬಿಚ್ಚುತ್ತಾರೆ, ಹಾಕುತ್ತಾರೆ. ಎಂಥ ವಿನಯ ಎಂದು ಬರೆದುಕೊಳ್ಳುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ಸಂಕೋಚ ಅಂತ ಬರೀಬೇಡಿ ಸರ್. ಮುಖ ತೋರ್ಸೋಕಾಗ್ತಿಲ್ಲ ನಂಗೆ. ನಾನು ಉಳಿಸ್ಲಿಲ್ಲ. ಕೈಯಾರೆ ಕಳ್ಕೋತಿದ್ದೆ."

ನಡೆದದ್ದು ಹೀಗೆ. ಮೊದಲ ಬಸ್ಸು ಓಡಿಸುವ ಡ್ರೈವರಮ್ಮ ತಮ್ಮ ಎರಡು ವರ್ಷದ ಗುಂಡುವನ್ನು ಕರೆತಂದಿದ್ದರು. "ನೆಗಡಿ ಅಕ್ಕ. ರಾತ್ರಿ ಕೆಮ್ಮು ಒಂಥರಾ ಇತ್ತು, ಗಂಟಲು ಬೇರೆ ಬಿದ್ದುಹೋಗಿದೆ. ಬೆಳಗಾಗ್ತಾ ಕಮ್ಮಿ ಆಯ್ತು. ಏನಾದ್ರೂ ಅನ್ನಿಸಿದ್ರೆ ಫೋನ್ ಮಾಡಿಬಿಡಿ."

"ಹೋಗಮ್ಮ ತಾಯಿ, ನಾನಿಲ್ವಾ?" ಎಂದರು ಹೆಗಲಕ್ಕ.

ಬಸ್ಸು ಗೇಟು ದಾಟುವ ಹೊತ್ತಿಗೆ ಗುಂಡು ಕೆಮ್ಮಿದ. ಕಫದ ಕೆಮ್ಮಲ್ಲ, ಒಣ ಕೆಮ್ಮು. ಖಾಲಿ ಡ್ರಮ್ಮಿನೊಳಗೆ ಕೂತು ನಾಯಿಮರಿ ಬೊಗಳಿದ ಹಾಗೆ. ಮಕ್ಕಳಿಗೆ ಇದಕ್ಕಿಂತ ಮಜಾ ಇನ್ನೇನು ಬೇಕು? ಒಬ್ಬಳು ನಾಲ್ಕು ಕಾಲಲ್ಲಿ ನಿಂತು ವಾಪಸ್ ಬೊಗಳಿದಳು, ಇಡೀ ಕೋಣೆ ಬೊಗಳಿತು. ಹೆಗಲಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂತು ನೋಡಿ ನಮ್ಮ ಕಾವಲು ನಾಯಿ!" ಎಂದರು. ಆ ನಗು ನೆನೆದರೆ ಈಗ ಅವರಿಗೆ ತಮ್ಮ ಬಾಯನ್ನೇ ಹೊಲಿದುಕೊಳ್ಳಬೇಕು ಅನ್ನಿಸುತ್ತದಂತೆ.

ಗುಂಡುಗೆ ಅಳು ಬಂತು. ಅತ್ತಷ್ಟೂ ಕೆಮ್ಮು, ಕೆಮ್ಮಿದಷ್ಟೂ ಅಳು. ಉಸಿರು ಒಳಗೆಳೆಯುವಾಗ ತುಕ್ಕು ಹಿಡಿದ ಬಾಗಿಲಿನಂತೆ ಕಿರ್ ಎನ್ನುವ ಸದ್ದು. ಹೆಗಲಕ್ಕ ಚಾಪೆಯ ಮೇಲೆ ಮಲಗಿಸಲು ನೋಡಿದರು. ಅವನು ಒದ್ದಾಡಿ ಎದ್ದು ಕೂತ. ಮತ್ತೆ ಮಲಗಿಸಿದರು, ಮತ್ತೆ ಎದ್ದ. ಹಟಮಾರಿ ಅಂದುಕೊಂಡರು. ಕಡೆಗೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಕೋಣೆಯ ಉದ್ದಕ್ಕೂ ತೂಗುತ್ತಾ ನಡೆದರು. ಸ್ವಲ್ಪ ಹೊತ್ತಿಗೆ ಅಳು ತಗ್ಗಿತು, ಮುಲುಕಾಟವಾಯಿತು, ನಿಂತುಹೋಯಿತು. ತಲೆ ಟವೆಲ್ಲಿನ ಮೇಲೆ ವಾಲಿತು.

"ಆಗ ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ ಸರ್? ಇವನನ್ನೂ ಮಲಗಿಸಿದೆ ಅಂತ. ಆರಾಮಾಗಿ ಗೋಡೆಗೆ ಒರಗಿ ಕೂತೆ."

ಅದೇ ಹೊತ್ತಿಗೆ ಮೆಕ್ಯಾನಿಕ್ ಗ್ರೀಸಣ್ಣ ಬಾಗಿಲು ದೂಡಿಕೊಂಡು ಬಂದರು. ಕೆಳಗಿನ ನಲ್ಲಿಯಲ್ಲಿ ನೀರಿಲ್ಲದಾಗ ಕದ್ದುಮುಚ್ಚಿ ಇಲ್ಲಿ ಕೈ ತೊಳೆಯುವುದು, ಬೈಸಿಕೊಳ್ಳುವುದು ಅವರ ಅಭ್ಯಾಸ.

"ಶ್! ಕಾಲು ಮುರೀತೀನಿ ನೋಡು. ಈಗ ತಾನೇ ಮಲಗಿದಾನೆ."

"ಬೈಯೋದು ಆಮೇಲೆ ಬೈಯಿ. ಯಾರಕ್ಕ ಅದು ಸೀಟಿ ಹೊಡೀತಿರೋದು?"

"ಗುಂಡು ಗೊರಕೆ ಕಣೋ. ನೆಗಡಿ ಅವನಿಗೆ."

ಗ್ರೀಸಣ್ಣ ನಲ್ಲಿ ನಿಲ್ಲಿಸಿ ಕಿವಿಗೊಟ್ಟರು. "ಗೊರಕೆ ಅಲ್ಲ ಇದು. ಗಾಳಿ ಎಳೆಯೋ ಸದ್ದು. ಫಿಲ್ಟರ್ ಕಟ್ಕೊಂಡ ಗಾಡಿ ಹಿಂಗೇ ಎಳ್ಕೊಳ್ಳೋದು."

"ಬಂದ್ಬಿಟ್ಟ ದೊಡ್ಡ ಡಾಕ್ಟ್ರು! ಮಗೂನ ನಿನ್ನ ಡಕೋಟಾ ಗಾಡಿಗೆ ಹೋಲಿಸ್ತೀಯಾ?"

"ಅಂಗಿ ಎತ್ತು ಅಕ್ಕ. ನನ್ನ ಕೈಯೆಲ್ಲ ಗ್ರೀಸು, ಇಲ್ಲಾಂದ್ರೆ ನಾನೇ ಎತ್ತುತಿದ್ದೆ."

ಗ್ರೀಸಣ್ಣನ ಬಾಯಿ ಮುಚ್ಚಿಸಲೆಂದೇ ಹೆಗಲಕ್ಕ ಅಂಗಿ ಎತ್ತಿದರು. ಪ್ರತಿ ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು. ಪಕ್ಕೆಲುಬಿನ ಸಂದುಗಳೂ ಎಳೆದುಕೊಳ್ಳುತ್ತಿದ್ದವು. ತುಟಿಯ ಬಣ್ಣ ಇಳಿದಿತ್ತು. ಕಣ್ಣು ಅರೆ ತೆರೆದೇ ಇತ್ತು. ಮಗು ನಿದ್ದೆ ಮಾಡಿರಲೇ ಇಲ್ಲ.

ಮುಂದಿನದು ಓಟ. ಬಸ್ಸುಗಳನ್ನೇನೂ ಹಿಂದೆ ಹಾಕಲಿಲ್ಲ. ಡಿಪೋದ ಜೀಪಿನಲ್ಲಿ ಗ್ರೀಸಣ್ಣ ಓಡಿಸಿದರು, ಹೆಗಲಕ್ಕ ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಕಿಟಕಿ ತೆಗೆದರು. ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಎದುರು ಬಂದು, ಮಗುವನ್ನು ಕಸಿದುಕೊಳ್ಳದೆ, ಹಾಸಿಗೆಗೆ ಒಯ್ಯದೆ, "ನಿಮ್ಮ ತೊಡೆ ಮೇಲೇ ಇರ್ಲಿ, ಗಾಬರಿ ಮಾಡ್ಬೇಡಿ" ಎಂದರು. ಔಷಧದ ಮಂಜು ಬರುವ ಮುಖವಾಡವನ್ನು ಮೂಗಿನ ಹತ್ತಿರ ಹಿಡಿದರು. ಡಾಕ್ಟರು ಬಂದು ನೋಡಿ, ಊತ ಇಳಿಸುವ ಔಷಧ ಕೊಡಿಸಿದರು.

ನರ್ಸಮ್ಮ ಕೇಳಿದರು, "ಅಳು ಯಾವಾಗ ನಿಲ್ಲಿಸ್ದ?"

"ನಾನೇ ನಿಲ್ಲಿಸ್ದೆ" ಎಂದರು ಹೆಗಲಕ್ಕ. ವರ್ಷಗಳ ಅಭ್ಯಾಸ, ಆ ಹೊತ್ತಿನಲ್ಲೂ ದನಿಯಲ್ಲಿ ಒಂದು ಚೂರು ಬಿಂಕ ಬಂದೇಬಿಟ್ಟಿತು.

"ನೀವು ನಿಲ್ಲಿಸಿದ್ದಲ್ಲಮ್ಮ. ಅಳೋಕೆ ತ್ರಾಣ ಇಲ್ದೆ ಅವನೇ ನಿಲ್ಲಿಸಿದ್ದು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಎನ್ನುತ್ತಾರೆ ಹೆಗಲಕ್ಕ. ನರ್ಸಮ್ಮ ಬೈಯಲಿಲ್ಲ, ಅದೇ ಕಷ್ಟವಾಯಿತು. ಔಷಧ ಹಿಡಿಯುವವರೆಗೆ ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದರು. ನೆಗಡಿ ತರುವಂಥ ವೈರಸ್ಸೇ ಗಂಟಲ ಗೂಡನ್ನು ಊದಿಸುತ್ತದೆ, ಚಿಕ್ಕ ಮಕ್ಕಳ ದಾರಿ ಮೊದಲೇ ಕಿರಿದು. ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಅಳಿಸದೆ ರಮಿಸಿ, ಗುಟುಕು ಗುಟುಕಾಗಿ ನೀರು ಕೊಡುತ್ತಿದ್ದರಾಯಿತು. ಗಂಟಲಿಗೆ ಚಮಚ, ಬೆರಳು ಹಾಕಿ ನೋಡಬಾರದು. ಮನಸ್ಸಿಗೆ ಬಂದ ಕೆಮ್ಮಿನ ಸಿರಪ್ಪು ಕುಡಿಸಬಾರದು. ಆದರೆ ಸುಮ್ಮನೆ ಕೂತಾಗಲೂ ಉಸಿರೆಳೆದರೆ ಕಿರ್ ಅನ್ನುತ್ತಿದ್ದರೆ, ಕತ್ತಿನ ಗುಳಿ, ಪಕ್ಕೆ ಒಳಗೆ ಹೋಗುತ್ತಿದ್ದರೆ, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ತುಟಿ ನೀಲಿಯಾದರೆ, ಮಂಕಾಗಿ ಜೋತುಬಿದ್ದರೆ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ.

"ಬಿಸಿನೀರಿನ ಹಬೆ ಕೊಡೋಣ ಅಂತಿದ್ದೆ" ಎಂದರು ಹೆಗಲಕ್ಕ ಮೆಲ್ಲಗೆ.

"ಕೊಡದೆ ಇದ್ದಿದ್ದೇ ಪುಣ್ಯ. ಅದರಿಂದ ಉಪಯೋಗ ಇಲ್ಲ. ಮೈ ಸುಟ್ಕೊಂಡು ಬಂದ ಮಕ್ಕಳನ್ನ ನೋಡಿದೀವಿ."

ಕೆಲವು ಗಂಟೆ ಅಲ್ಲೇ ಇರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಗುಂಡು ಒಡಕು ದನಿಯಲ್ಲಿ ಬಿಸ್ಕತ್ತು ಕೇಳಿದ. ಸಮವಸ್ತ್ರದಲ್ಲೇ ಓಡಿಬಂದ ಡ್ರೈವರಮ್ಮ ಹೆಗಲಕ್ಕನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನೀವಿದ್ದಿದ್ದಕ್ಕೆ ಉಳ್ಕೊಂಡ ಅಕ್ಕ, ಬೇರೆ ಯಾರಾಗಿದ್ರೂ..." ಹೆಗಲಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು ಬಿಸ್ಕತ್ತು ತರಲು ಎದ್ದರು. ಗ್ರೀಸಣ್ಣ ನೆಲ ನೋಡುತ್ತಾ ನಿಂತರು. ಆಮೇಲೆ ಜೀಪಿನಲ್ಲಿ, "ಬಿಡು ಅಕ್ಕ, ಮಗು ಚೆನ್ನಾಗಿದೆ ತಾನೇ? ನಾನಂತೂ ಬಾಯಿ ಬಿಡಲ್ಲ" ಎಂದರು. ಉಪಕಾರ ಅಂದುಕೊಂಡೇ ಅವರು ಅದನ್ನು ಹೇಳಿದ್ದು.

ಡಿಪೋ ಹೊಗಳಿತು. ಡ್ರೈವರಮ್ಮ ಕಣ್ಣು ಮುಚ್ಚಿಕೊಂಡು ನಂಬಿ, ದಿನಾ ಅದೇ ಹೆಗಲಿಗೆ ಗುಂಡುವನ್ನು ಹಾಕಿ ಹೋಗತೊಡಗಿದರು. ಟವೆಲ್ಲು ಬದಲಿಸಿದರೂ ಆ ಜಾಗ ಉರಿಯುತ್ತಿತ್ತು. ಹೇಳಿದರೆ ಗುಂಡು ಬರಲಿಕ್ಕಿಲ್ಲ, ಅವನ ಹಿಂದೆ ಉಳಿದವರೂ ಬರಲಿಕ್ಕಿಲ್ಲ, ಕೋಣೆಗೆ ಬೀಗವೇ ಬಿದ್ದೀತು. ಹೇಳದಿದ್ದರೆ ಒಬ್ಬ ತಾಯಿ ಸುಳ್ಳನ್ನು ನಂಬಿ ಸ್ಟಿಯರಿಂಗ್ ಹಿಡಿಯಬೇಕು. ಕಡೆಗೊಂದು ಬೆಳಗ್ಗೆ, ಬಸ್ಸು ಇನ್ನೂ ಹೊರಡದಿದ್ದಾಗ, ಹೆಗಲಕ್ಕ ಹತ್ತಿ ಡ್ರೈವರ್ ಸೀಟಿನ ಪಕ್ಕ ನಿಂತು ಎಲ್ಲ ಹೇಳಿಬಿಟ್ಟರು. ನಾಯಿ ಅಂತ ನಕ್ಕಿದ್ದು, ಬಲವಂತವಾಗಿ ಮಲಗಿಸಿದ್ದು, ಸುಮ್ಮನಾದ ಎಂದು ಹೆಮ್ಮೆಪಟ್ಟಿದ್ದು, ಗ್ರೀಸಣ್ಣ ಕಂಡುಹಿಡಿದಿದ್ದು. ಆ ಬಸ್ಸು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ತಡವಾಗಿ ಹೊರಟಿತು. ದಿನಾ ತಡವೇ ಎನ್ನುವ ಪ್ರಯಾಣಿಕರ ಮಾತು ಬೇರೆ.

ಡ್ರೈವರಮ್ಮ ಇಂಜಿನ್ ನಿಲ್ಲಿಸಿದರು, ಎದ್ದು ಹೆಗಲಕ್ಕನನ್ನು ಬಿಗಿದಪ್ಪಿದರು, ಬಸ್ ತುಂಬಿದ್ದ ಪ್ರಯಾಣಿಕರೆಲ್ಲ ಎದ್ದು ನಿಂತು ಕಣ್ಣೊರೆಸಿಕೊಂಡರು ಎಂದು ಈ ಬರಹದ ಮೊದಲ ಕರಡು ಇಲ್ಲಿಗೆ ಮುಗಿದಿತ್ತು. ಓದಿ ಹೇಳಿದಾಗ ಹೆಗಲಕ್ಕ ಮೊದಲ ಸಲ ತಲೆ ಎತ್ತಿ ನೇರವಾಗಿ ನೋಡಿದರು.

"ಯಾವ ಪ್ರಯಾಣಿಕರು ಸರ್? ಡಿಪೋ ಒಳಗೆ ಬಸ್ ಖಾಲಿ ಇರುತ್ತೆ."

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳದೆ ದಾರಿಯಿಲ್ಲ. ಪ್ರಯಾಣಿಕರು ಕಟ್ಟುಕತೆ, ಅಪ್ಪುಗೆಯೂ ಕಟ್ಟುಕತೆ. ಡ್ರೈವರಮ್ಮ ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ಎಲ್ಲ ಕೇಳಿಸಿಕೊಂಡು, "ಇಳೀರಿ ಅಕ್ಕ, ಹೊತ್ತಾಯ್ತು" ಎಂದಷ್ಟೇ ಹೇಳಿದರು. ಮಾರನೇ ದಿನ ಗುಂಡು ಬರಲಿಲ್ಲ, ಆ ವಾರವಿಡೀ ಬರಲಿಲ್ಲ. ಮಾತು ಕಿವಿಗೆ ಬಿದ್ದ ಇನ್ನಿಬ್ಬರು ತಾಯಂದಿರೂ ಮಕ್ಕಳನ್ನು ಬಿಡಿಸಿಕೊಂಡರು. ಉಳಿದ ಮಕ್ಕಳಲ್ಲಿ ಯಾವುದು ಅತ್ತು ಸುಮ್ಮನಾದರೂ ಹೆಗಲಕ್ಕ ಈಗ ಮೊದಲು ಅಂಗಿ ಎತ್ತಿ ಎದೆ ನೋಡುತ್ತಾರೆ, ಆಮೇಲೆ ತಟ್ಟುತ್ತಾರೆ.

ಈ ಸೋಮವಾರ ಡ್ರೈವರಮ್ಮ ಗುಂಡುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹೆಗಲಕ್ಕ ಮುಂದೆ ಬಂದರು, ಅವರು ಕೊಡಲಿಲ್ಲ. ತಾವೇ ಒಳಗೆ ಹೋಗಿ ಚಾಪೆಯ ಮೇಲೆ ಕೂರಿಸಿದರು. "ಅವನು ಅತ್ರೆ ಅಳ್ಲಿ ಬಿಡಿ ಅಕ್ಕ. ಕೆಳಗೆ ನಂಗೂ ಕೇಳ್ಲಿ" ಎಂದು, ಮುಖ ಕೊಡದೆ ಇಳಿದು ಹೋದರು.

"ಕ್ಷಮಿಸಿದ್ರು ಅಂತ ಬರೀಬೇಡಿ ಸರ್, ಇನ್ನೂ ಇಲ್ಲ" ಎನ್ನುತ್ತಾರೆ ಹೆಗಲಕ್ಕ. "ಎಲ್ಲ ಗೊತ್ತಿದ್ದೂ ಮಗೂನ ಬಿಟ್ಟು ಹೋದ್ರು ಅಂತ ಬರೀರಿ. ನಂಗೆ ಅಷ್ಟು ಸಾಕು."