ಅವ್ವನಿಗೆ ಸಮುದ್ರ ಪರೀಕ್ಷೆ

ಗೆಳೆಯರೇ, ಇವತ್ತು ಎಲಿಫೆಂಟಾ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ನನ್ನ ಮಾನ ಹೋಯಿತು.

ದೀಪಾವಳಿ ರಜೆಗೆ ಮನೆಯ ನಾಲ್ವರೂ ಅಂಡಮಾನ್‌ಗೆ ಹೋಗುವುದೆಂದು ತೀರ್ಮಾನವಾಗಿದೆ. ವಿಮಾನ ನಮ್ಮ ಬಜೆಟ್‌ಗೆ ನಿಲುಕದು. ಚೆನ್ನೈಯಿಂದ ಹಡಗು ಹತ್ತಿದರೆ ಅಗ್ಗ, ಆದರೆ ಮೂರ್ನಾಲ್ಕು ದಿನ ನೀರಿನ ಮೇಲಿರಬೇಕು. ಧಾರವಾಡದ ನನ್ನ ಅವ್ವ ಎಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ದೋಣಿ ಹತ್ತಿದವಳಲ್ಲ. ಟಿಕೆಟ್ ತೆಗೆಸುವ ಮೊದಲು ಅವಳಿಗೆ ಸಮುದ್ರ ಒಗ್ಗುತ್ತದೋ ಇಲ್ಲವೋ ನೋಡೋಣವೆಂದು, ಎಲಿಫೆಂಟಾದ ಗುಹೆ ತೋರಿಸುವ ನೆಪದಲ್ಲಿ ಎಲ್ಲರನ್ನೂ ಮುಲುಂಡ್‌ನ ನಮ್ಮ ಮನೆಯಿಂದ ಹೊರಡಿಸಿದೆ. ಅವ್ವನಿಗೆ ವಾಂತಿಯಾದರೆ ಇರಲೆಂದು ಜೇಬಿನಲ್ಲಿ ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿದ್ದೆ.

ಬೋಟು ಗೇಟ್‌ವೇ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗಳು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಗುಟ್ಟು ರಟ್ಟು ಮಾಡಿದಳು. "ಅಜ್ಜಿ, ಪಪ್ಪಾ ನಿಮ್ದು ಟೆಸ್ಟ್ ತಗೊಳ್ತಾ ಇದಾರೆ ನಾ. ನಿಮ್ಗೆ ಉಲ್ಟಿ ಆಯ್ತು ತೋ ಅಂಡಮಾನ್ ಕ್ಯಾನ್ಸಲ್!"

"ನನ್ನ ಪರೀಕ್ಷಾ ತಗೊಳ್ಳಾಕ ಕರಕೊಂಡ ಬಂದಿಯೇನಲೇ?" ಅವ್ವ ಗುಡುಗಿದಳು.

ಉತ್ತರ ಕೊಡಲು ಬಾಯಿ ತೆರೆದೆ. ಬಂದದ್ದು ಉತ್ತರವಲ್ಲ. ಎರಡೂ ಚೀಲ ನನಗೇ ಬೇಕಾದವು.

ಅವ್ವ ಒಂದು ಕೈಯಲ್ಲಿ ನಿಂಬೆಹಣ್ಣನ್ನು ನನ್ನ ಮೂಗಿಗೆ ಹಿಡಿದು, ಇನ್ನೊಂದರಲ್ಲಿ ಶೇಂಗಾ ಉಂಡಿ ತಿನ್ನುತ್ತಾ ನನ್ನ ಹೆಂಡತಿಗೆ ಹೇಳಿದಳು: "ಮೂರ ಟಿಕೆಟ್ ತಗಸವ್ವಾ. ಇಂವ ಮನ್ಯಾಗ ಇರ್ಲಿ, ಗಿಡಕ್ಕ ನೀರ ಹಾಕ್ಕೋತ."

ಮನೆಗೆ ಬಂದು ನಾನು ಕಾಲು ಹಿಡಿದ ಮೇಲೆ ಅವ್ವ ಕರಗಿದಳು. ಮುಂದಿನ ಭಾನುವಾರ ಅದೇ ಬೋಟಿನಲ್ಲಿ ನನಗೆ ಸಪ್ಲಿಮೆಂಟರಿ ಪರೀಕ್ಷೆ. ಪರೀಕ್ಷಕಿ ಅವ್ವ. ನಿಂಬೆಹಣ್ಣು ಮೂಸಿದರೆ ಕಾಪಿ ಹೊಡೆದ ಹಾಗೆಯಂತೆ.