ಮಿಸ್ಡ್ ಕಾಲ್ ಕೊಡದ ಮನುಷ್ಯ

ಮೊಬೈಲು ಒಮ್ಮೆ ಕಿಣಿಗುಟ್ಟಿ, ಎರಡನೆಯ ಸಲ ಬಾಯಿ ತೆರೆಯುವ ಮೊದಲೇ ಸುಮ್ಮನಾಗುವ ಸದ್ದು. ಪುತ್ತೂರಿನ ನನ್ನ ಬಾಡಿಗೆ ಮನೆಯಲ್ಲಿ ಆ ಸದ್ದು ಕೇಳಿದರೆ, ಕಡಬದಲ್ಲಿದ್ದ ಒಬ್ಬರಿಗೆ ನಾನು ಕೊಟ್ಟ ಆ ದಿನದ ಅಪ್ಪಣೆಗಳೆಲ್ಲ ರದ್ದು. ಯಾಕೆ ಎಂದು ನಾನು ಕೇಳುವ ಹಾಗಿಲ್ಲ. ನೋ ಎಕ್ಸ್‌ಪ್ಲನೇಶನ್. ಅವರಿಗೂ ನನಗೂ ನಡುವಿನ ಮೊದಲ ನಿಯಮ ಅದು. ಆದರೆ ಅಭ್ಯಾಸ ಆಗಲಿ ಎಂದು ನಾನೇ ಕೊಡಿಸಿದಾಗ ಮಾತ್ರ ಆ ಮಿಸ್ಡ್ ಕಾಲ್ ಬಂದದ್ದು. ಬೇಕಾದ ದಿನ ಬರಲಿಲ್ಲ. ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಅವರು ರಬ್ಬರ್ ತೋಟದ ಯಜಮಾನರು, ಹೆಂಡತಿ ತೀರಿಕೊಂಡವರು. ನಾನು ಕಾನ್ವೆಂಟಿನಲ್ಲಿ ಓದಿ, ಅಂಥದ್ದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಮದುವೆಯಾಗದವಳು. ಸುಳ್ಯದ ಒಂದು ಮದುವೆಯೂಟದಲ್ಲಿ ನನ್ನ ಪಕ್ಕ ಕೂತು, ಮೂಗು ಎಲೆಗೆ ತಾಗುವಷ್ಟು ಬಾಗಿ ಉಣ್ಣುತ್ತಿದ್ದರು. "ಸಿಟ್ ಅಪ್ ಸ್ಟ್ರೇಟ್!" ಎಂದುಬಿಟ್ಟೆ. ಹಳೆಯ ಚಟ. ಊರಿಗೆಲ್ಲ ಜೋರು ಮಾಡುವ ಆ ಮನುಷ್ಯ ತಟ್ಟನೆ ನೆಟ್ಟಗಾದರು. ಮುಖದಲ್ಲಿ ತಲೆಹೊರೆ ಇಳಿಸಿದವರ ನಿರಾಳ. ಕೆಲವು ದಿನ ಕಳೆದು ಫೋನ್ ಬಂತು.

"ಅದೊಂದು ಇನ್ನೊಮ್ಮೆ ಹೇಳ್ತೀರಾ?"

"ಎಂತದು?"

"ನೆಟ್ಟಗೆ ಕೂತ್ಕೊಳ್ಳಲಿಕ್ಕೆ. ನನಗೆ ಹೇಳುವವರು ಯಾರೂ ಇಲ್ಲ ಮಾರಾಯ್ರೆ. ಎಲ್ಲರಿಗೂ ನಾನೇ ಹೇಳಿ ಹೇಳಿ ಸಾಕಾಗಿದೆ."

ಹಾಗೆ ಶುರುವಾಯಿತು. ನಾನು ಹೇಳುವುದು, ಅವರು ಕೇಳುವುದು. ಯಾವ ಅಂಗಿ, ಯಾವಾಗ ವಾಕಿಂಗ್, ಯಾವಾಗ ಮಾತು, ಯಾವಾಗ ಮೌನ. ಅದರಲ್ಲಿ ಪ್ರೀತಿ ಇತ್ತು, ಮೈಯ ಬಿಸಿಯೂ ಇತ್ತು. ಮುದುಕಿಗೆ ಎಂತ ಬಿಸಿ ಎನ್ನುವವರು ಎನ್ನಲಿ. ನನ್ನ ಜನ್ಮವೆಲ್ಲ ಸಿಸ್ಟರುಗಳ, ಹೆಡ್‌ಮಿಸ್ಟ್ರೆಸ್‌ಗಳ ಮಾತು ಕೇಳಿಯೇ ಕಳೆದಿತ್ತು. ನನ್ನ ಒಂದು ಮಾತಿಗೆ ಒಬ್ಬರು ಉಸಿರು ಹಿಡಿದು ಕಾಯುತ್ತಾರೆ ಎಂದರೆ, ಓ ಮೈ ಗಾಡ್, ಎಂಥ ಸುಖ!

ಆದರೆ ಅಷ್ಟು ದೂರದಿಂದ ಅವರ ಮುಖ ನನಗೆ ಕಾಣುವುದಿಲ್ಲ. ಬೆವರಿದರೂ ನಡುಗಿದರೂ ಗೊತ್ತಾಗುವುದಿಲ್ಲ. ಮಿಸ್ಡ್ ಕಾಲ್ ಇಟ್ಟದ್ದು ಅದಕ್ಕೇ. ನಮ್ಮ ಕಡೆಯ ಟವರುಗಳ ಹಣೆಬರಹ ಗೊತ್ತಿದ್ದದ್ದರಿಂದ ಎರಡನೆಯ ನಿಯಮವನ್ನೂ ಮಾಡಿದೆ: ಲೈನ್ ಸತ್ತರೆ ಅಪ್ಪಣೆಯೂ ಸತ್ತಿತು. ಆರೋಗ್ಯವನ್ನೂ ಮೊದಲೇ ವಿಚಾರಿಸಿದ್ದೆ.

"ಬಿಪಿ, ಶುಗರ್ ಉಂಟಾ? ಟೆಲ್ ಮಿ ಆನೆಸ್ಟ್ಲಿ."

"ಎಂತದೂ ಇಲ್ಲ. ಬಂಡೆಕಲ್ಲಿನ ಹಾಗೆ ಇದ್ದೇನೆ."

ಒಂದು ಬೆಳಿಗ್ಗೆ, ನಾನು ಸ್ನಾನ ಮುಗಿಸಿ ಫೋನ್ ಮಾಡುವ ತನಕ ತಿಂಡಿ ಮುಟ್ಟಬೇಡಿ ಎಂದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಡಬದ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿ ಟವರಿನ ಕೇಬಲ್ ಕಡಿದು ಹಾಕಿತ್ತು. ನಾಟ್ ರೀಚೆಬಲ್. ಲೈನ್ ಹೋಗಿದೆ, ತಿಂದಿರುತ್ತಾರೆ ಎಂದುಕೊಂಡೆ. ನಿಯಮ ಇರುವುದು ಮತ್ತೆ ಯಾಕೆ? ಮಧ್ಯಾಹ್ನ ಲೈನ್ ಬಂದಾಗ ಫೋನ್ ಎತ್ತಿದ್ದು ಅವರ ತಂಗಿ.

"ಅಣ್ಣ ಆಸ್ಪತ್ರೆಯಲ್ಲಿ ಟೀಚರೇ. ಶುಗರಿನ ಮಾತ್ರೆ ನುಂಗಿದ್ದಾರೆ, ತಿಂಡಿ ಮಾತ್ರ ತಿನ್ನುದಿಲ್ಲ ಅಂತ ಹಠ. ಫೋನ್ ಕೈಯಲ್ಲಿ ಹಿಡ್ಕೊಂಡೇ ಬಿದ್ದದ್ದು."

ಶುಗರಿನ ಮಾತ್ರೆ!

ಸಿಕ್ಕಿದ ಬಸ್ಸು ಹತ್ತಿ ಕಡಬಕ್ಕೆ ಹೋದೆ. ಕೈಗೆ ಡ್ರಿಪ್ ಹಾಕಿಸಿಕೊಂಡು ಒರಗಿ ಕೂತಿದ್ದರು. ತಂಗಿ ನನ್ನನ್ನು ನೋಡಿ, ಇಡ್ಲಿಯ ತಟ್ಟೆ ಅವರ ಮಡಿಲಲ್ಲಿಟ್ಟು ಬಿಸಿನೀರು ತರಲು ಹೊರಗೆ ಹೋದಳು.

"ನೋಡಿ," ಎಂದರು, ಹೋಂವರ್ಕ್ ತೋರಿಸುವ ಹುಡುಗನ ಹಾಗೆ. "ನೀವು ಹೇಳಿದ ಮೇಲೆ ಮುಟ್ಟಲೇ ಇಲ್ಲ."

"ಹೌ ಡೇರ್ ಯು!" ನರ್ಸ್ ತಿರುಗಿ ನೋಡಿದಳು. ನೋಡಲಿ. "ಇದು ಒಬೀಡಿಯನ್ಸಾ? ಲೈನ್ ಇದ್ದಾಗ ಮಿಸ್ಡ್ ಕಾಲ್ ಕೊಡಲಿಲ್ಲ, ಲೈನ್ ಸತ್ತ ಮೇಲೂ ತಿನ್ನಲಿಲ್ಲ. ಬ್ರೇಕ್ ಕಿತ್ತು ಬಿಸಾಡಿ ಸ್ಟೇರಿಂಗ್ ನನ್ನ ಕೈಗೆ ಕೊಟ್ಟಿದ್ದೀರಿ! ಶುಗರ್ ಮುಚ್ಚಿಟ್ಟದ್ದು ಯಾಕೆ?"

"ಹೇಳಿದರೆ ಅಯ್ಯೋ ಪಾಪ ಅಂತ ಜೋರು ಮಾಡುದೇ ಬಿಡ್ತಿದ್ರಿ."

"ಸತ್ತಿದ್ದರೆ?"

"ನಿಮ್ಮ ಮಾತು ಕೇಳಿಯೇ ಸತ್ತದ್ದು ಅಂತ ಆಗ್ತಿತ್ತು," ಎಂದು ನಕ್ಕರು.

ಆ ನಗು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನ ನಾಲಿಗೆಯನ್ನು ತಮ್ಮ ಕುತ್ತಿಗೆಗೆ ಕತ್ತಿ ಮಾಡಿಕೊಂಡು, ಅದನ್ನೇ ಭಕ್ತಿ ಎಂದು ತಿಳಿದಿದ್ದರು! ನಿಲ್ಲಿಸಿ ಎನ್ನಲು ಬರುವವರಿಗೆ ಮಾತ್ರ ನಾನು ಮಾಡಿ ಎನ್ನಬಲ್ಲೆ. ಈ ಮನುಷ್ಯನಿಗೆ ಅದು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ.

"ಇವತ್ತಿಗೆ ಮುಗಿಯಿತು," ಎಂದೆ. "ಇನ್ನು ನಾನು ಎಂತದೂ ಹೇಳುದಿಲ್ಲ."

ನಗು ಮಾಯವಾಯಿತು. ಇಡ್ಲಿ ಕೈಗೆತ್ತಿಕೊಂಡರು. "ಇದನ್ನಾದರೂ ತಿನ್ನು ಅಂತ ಹೇಳಿ."

"ಹಸಿವಾದರೆ ತಿನ್ನಿ."

ಬಾಗಿಲಿನ ತನಕ ಹೋದೆ. ದಾಟಲು ಕಾಲು ಬರಲಿಲ್ಲ. ಒಂದು ಮಾತು ಹೇಳಿದರೆ ತಟ್ಟೆ ಖಾಲಿ ಮಾಡುತ್ತಿದ್ದರು, ನನಗೆ ಗೊತ್ತು. ತುಟಿ ಕಚ್ಚಿ ನಿಂತೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣು ತಗ್ಗಿಸಿ ಇಡ್ಲಿ ಮುರಿದು, ಯಾರೂ ಹೇಳದೆ, ಬಾಯಿಗಿಟ್ಟುಕೊಂಡರು. ಬೆನ್ನು ಬಾಗಿತ್ತು. ನೆಟ್ಟಗೆ ಕೂತ್ಕೊಳ್ಳಿ ಎನ್ನಲಿಲ್ಲ. ಪುತ್ತೂರಿನ ಬಸ್ಸಿಗೆ ನಡೆದೆ. ಮತ್ತೆ ಅವರನ್ನು ನೋಡಲಿಲ್ಲ.